ನೊಣಗಳ ಅಡುಗೆಯವಳು

ಗುರುವಾರ ಗುರುವಾರ ಇಪ್ಪತ್ತು ಲೀಟರು.
ಮೆಕ್ಕೆಜೋಳದ ಹಿಟ್ಟು, ಯೀಸ್ಟು, ಕಾಕಂಬಿ.
ಗಂಟಾಗದ ಹಾಗೆ ತಿರುವುತ್ತ ನಿಂತರೆ
ಡಂಡೀ ಊರಿನ ಈ ಮೂರನೇ ಮಹಡಿಗೆಲ್ಲ
ಹುಳಿ ಹುಳಿ ಸಿಹಿ ವಾಸನೆ.
ಮೂವತ್ತೊಂದು ವರ್ಷದಿಂದ ನಾನು
ನೊಣಗಳಿಗೆ ಅಡುಗೆ ಮಾಡುತ್ತೇನೆ.
ನಗಬೇಡಿ. ಹಣ್ಣಿನ ನೊಣ, ಎಳ್ಳಿನಷ್ಟು.
ಮುದುಕರ ಕೈ ಯಾಕೆ ನಡುಗುತ್ತದೆಂದು
ಇವನ್ನು ಕೇಳಿ ತಿಳಿಯುತ್ತಾರಂತೆ, ಓದಿದವರು.
ನನಗೆ ಗೊತ್ತಿರುವುದು ಇಷ್ಟೇ:
ತಳ ಸೀದರೆ ಮೊಟ್ಟೆ ಇಡುವುದಿಲ್ಲ.

ನೇಷ್ಕಾ ಬಂದದ್ದು ಲ್ಯುಬ್ಲಿಯಾನಾದಿಂದ,
ಕೋಟಿನ ಒಳಜೇಬಿನಲ್ಲಿ ಆರು ಗಾಜಿನ ಕೊಳವೆ
ಮೈಬಿಸಿಗೆ ಒತ್ತಿಕೊಂಡು.
ಆಗೆಲ್ಲ ನೊಣ ಅಂಚೆಯಲ್ಲೇ ಹೋಗುತ್ತಿತ್ತು:
ಬಾಯಿಗೆ ಹತ್ತಿ ತುರುಕಿ, ಲಕೋಟೆಗೆ ಹಾಕಿ,
ಬಿಸಿಲಲ್ಲಿ ಇಡಬೇಡಿ ಎಂದು ಬರೆದರೆ ಮುಗಿಯಿತು.
ಮಂಗಳವಾರ ಹೊರಟದ್ದು ಶುಕ್ರವಾರ
ಅಲ್ಲಿ ಯಾರದೋ ಸೂಕ್ಷ್ಮದರ್ಶಕದ ಕೆಳಗೆ.

ಮತ ಎಣಿಸಿದ ರಾತ್ರಿ ಜೂನ್ ತಿಂಗಳದು,
ಹತ್ತೂವರೆಗೂ ಟೇ ನದಿಯ ಮೇಲೆ ಬೆಳಕು ಆರಿರಲಿಲ್ಲ.
ಬೆಳಿಗ್ಗೆ ಅವಳು ಎಂದಿನಂತೆ ಕುಂಚದ ತುದಿಯಿಂದ
ಬಿಳಿಗಣ್ಣು ಈಚೆಗೆ, ಕೆಂಗಣ್ಣು ಆಚೆಗೆ.
ಏನೋ ಹೇಳಲು ಹೋದೆ.
"ರೋನಾ, ಎಣಿಕೆ ತಪ್ಪುತ್ತದೆ" ಅಂದಳು.

ನನ್ನ ತಮ್ಮ ಲಾಕ್ಲನ್ ಉತ್ತರದ ಕರಾವಳಿಯಲ್ಲಿ ದೋಣಿಯವನು,
ಹೊರಗೆ ಬರೋಣ ಎಂದು ಗುರುತು ಹಾಕಿದವನು.
ಸುಳ್ಳೆನ್ನಲಾರೆ:
ಅಪ್ಪನ ಕಾಲಕ್ಕೆ ಆ ಧಕ್ಕೆಯಲ್ಲಿ ನಲವತ್ತು ದೋಣಿ, ಇವನ ಕಾಲಕ್ಕೆ ಒಂಬತ್ತು.
ಲೆಕ್ಕ ಮೀರಿತೆಂದು, ಸತ್ತ ಮೀನನ್ನೇ
ಸಮುದ್ರಕ್ಕೆ ವಾಪಸ್ಸು ಎಸೆದ ಕೈ ಅದು.
"ನಿನ್ನ ನೊಣಕ್ಕೆ ಬ್ರಸೆಲ್ಸ್ ಊಟ ಹಾಕುತ್ತದೆ,
ನನ್ನ ತಟ್ಟೆಯಿಂದ ತೆಗೆದು."
ಆ ಕ್ರಿಸ್‌ಮಸ್ಸಿಗೆ ನಾವು ಮಳೆ ಗಾಳಿಯ ಮಾತಾಡಿದೆವು.

ಲಂಡನ್ನಿನವರು ಅಳೆದೂ ಸುರಿದೂ ನಾಲ್ಕೂವರೆ ವರ್ಷ.
ನೊಣಗಳಲ್ಲಿ ಅದು
ನೂರಾ ಅರವತ್ತು ತಲೆಮಾರು.

ಆಮೇಲೆ ಫಾರಮ್ಮು ಬಂತು.
ವಸ್ತು: ನೊಣ. ಜೀವಂತವೇ: ಹೌದು, ಸದ್ಯಕ್ಕೆ.
ಬೆಲೆ: ಸೊನ್ನೆ ಎಂದು ಬರೆದೆ.
ಸೊನ್ನೆ ಆಗುವುದಿಲ್ಲವೆಂದು ತಿರುಗಿ ಬಂತು.
ಒಂದು ಪೌಂಡು ಎಂದೆ. ಯಾವ ಆಧಾರದ ಮೇಲೆ ಎಂದರು.
ಸ್ವಾಮಿ, ಹನ್ನೊಂದು ವರ್ಷ ಕೂಡಿಸಿ ಬೇರ್ಪಡಿಸಿ
ಉಳಿಸಿಕೊಂಡ ಕುಲ ಇದು, ಎಂದೆಲ್ಲ ಫೋನಿನಲ್ಲಿ ಹೇಳಿದೆ.
ಸುಂಕದವನ ಮುಂದೆ ಸುಖದುಃಖ.
ಇಪ್ಪತ್ಮೂರು ದಿನ ಯಾವುದೋ ಗೋದಾಮಿನಲ್ಲಿ
ಹುಟ್ಟಿದವು, ಇಕ್ಕಟ್ಟಿನಲ್ಲಿ ಸತ್ತವು.
ತಲುಪಿದ್ದು ಕಪ್ಪು ಬೂಷ್ಟು.
ಅದೇ ವಾರ ಲಾಕ್ಲನ್‌ನ ಸೀಗಡಿ ಹೊತ್ತ ಲಾರಿಯೂ
ಒಂದು ಸಹಿ ಕಡಿಮೆಯಾಗಿ ನಿಂತಲ್ಲೇ ನಾರಿತು.
ಅವನು ಹೇಳಲಿಲ್ಲ, ಅವನ ಹೆಂಡತಿ ಹೇಳಿದಳು.
ನಾನು ಎತ್ತಲಿಲ್ಲ.

ನೇಷ್ಕಾಗೆ ಬಂದ ಕಾಗದದಲ್ಲಿ ಮೊದಲು ಅಭಿನಂದನೆ.
ಐದು ವರ್ಷದ ಹಣ. ಆದರೆ ಒಕ್ಕೂಟದ ಒಳಗಿರುವವರಿಗೆ.
ಊರು ಬದಲಿಸಿ, ಇಲ್ಲವೇ ಬಿಡಿ.
ಅಷ್ಟೇ ಹಣ ನಾವೇ ಕೊಡುತ್ತೇವೆ ಎಂದಿತು ಇಲ್ಲಿಯ ಸರ್ಕಾರ.
"ಹಣ ಕೊಡುತ್ತಾರೆ ರೋನಾ,
ಜೊತೆಯವರನ್ನು ಎಲ್ಲಿಂದ ಕೊಡುತ್ತಾರೆ?"
ಮಗಳು ಇಲ್ಲೇ ಹುಟ್ಟಿದವಳು,
ನಮ್ಮ ಹಾಗೆಯೇ ರಕಾರ ಉರುಳಿಸುತ್ತಾಳೆ.
ಲೂವೆನ್‌ಗೆ ಹೋದರು, ಇನ್ನೂರ ಹನ್ನೆರಡು ಕುಲ ಸಮೇತ.
ಅವಳ ಕೈಕೆಳಗೆ ಓದುತ್ತಿದ್ದ ಯೂವನ್, ಇದೇ ಊರಿನವನು,
ಮೂರನೇ ವರ್ಷದಲ್ಲಿ ಗುರುವಿಲ್ಲದೆ ಉಳಿದ.
ಈಗ ವಿಮಾ ಕಚೇರಿಯಲ್ಲಿ
ಯಾರು ಯಾವಾಗ ಸಾಯಬಹುದೆಂದು ಅಂದಾಜು ಹಾಕುತ್ತಾನೆ.
ನೊಣ ಎಣಿಸಿದ ಕೈ, ಲೆಕ್ಕ ಚೊಕ್ಕವಂತೆ.

ಈಗ ಹನ್ನೆರಡು ಲೀಟರು ಸಾಕು.
ಕಳೆದ ಗುರುವಾರ ಕೈ ಮರೆತು
ಇಪ್ಪತ್ತಕ್ಕೇ ನೀರಿಟ್ಟಿದ್ದೆ.
ಕುದಿ ಬಂದಾಗ ಗೊತ್ತಾಯಿತು. ಒಲೆ ಆರಿಸಲಿಲ್ಲ.
ಮಿಕ್ಕ ಎಂಟು ಲೀಟರನ್ನು
ಖಾಲಿ ಕೊಳವೆಗಳಿಗೆ ಸುರಿದು, ಹತ್ತಿ ತುರುಕಿ,
ತಣ್ಣನೆ ಕೋಣೆಯಲ್ಲಿ ಸಾಲಾಗಿ ಜೋಡಿಸಿದೆ.
ದಿನಾಂಕ ಬರೆದೆ.
ಹೆಸರಿನ ಜಾಗ ಹಾಗೇ ಬಿಟ್ಟೆ.
ಮೂರು ವಾರ ಕೆಡುವುದಿಲ್ಲ.